ಟಾರ್ ರಿಲೇ ನಡೆಸಲು ಮನೆಯ ಫೈಬರ್ ಸಾಕೇ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮನೆಗೆ 100 ಎಂಬಿಪಿಎಸ್ ಫೈಬರ್ ಸಂಪರ್ಕವಿದೆ, ಹಳೆಯ ಲ್ಯಾಪ್‌ಟಾಪೊಂದು ಸುಮ್ಮನೆ ಬಿದ್ದಿದೆ. ಅದರಲ್ಲಿ, ಅಂತರ್ಜಾಲ ಬಳಸುವವರ ಗುರುತು ಮರೆಮಾಚುವ ಟಾರ್ ಜಾಲಕ್ಕಾಗಿ ಸ್ವಯಂಸೇವೆಯ ಸರ್ವರ್ (ರಿಲೇ) ನಡೆಸಬೇಕೆಂಬ ಆಸೆ. ತಂದೆಯವರು ನಿವೃತ್ತ ಸರ್ಕಾರಿ ನೌಕರರು, "ಯಾರೋ ಮಾಡಿದ ತಪ್ಪಿಗೆ ಪೊಲೀಸರು ನಮ್ಮ ಬಾಗಿಲಿಗೆ ಬಂದರೆ ಏನು ಮಾಡುತ್ತೀಯ?" ಎಂದು ಕೇಳುತ್ತಾರೆ. ಅವರ ಭಯದಲ್ಲಿ ಹುರುಳಿದೆಯೇ? ತಿಂಗಳಿಗೆ ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಕೇಳಿದ ಉಳಿದೆಲ್ಲದರ ಉತ್ತರವೂ ಅದರೊಳಗೇ ಇದೆ. ಅವರ ಭಯ ಒಂದು ಬಗೆಯ ಸರ್ವರ್‌ನ ಮಟ್ಟಿಗೆ ಪೂರ್ತಿ ನಿಜ, ಉಳಿದ ಬಗೆಗಳ ಮಟ್ಟಿಗೆ ಬಹುಪಾಲು ಅನಗತ್ಯ. ಈ ವ್ಯತ್ಯಾಸ ತಿಳಿಯದೆ ಉತ್ಸಾಹದಿಂದ ಕೈಹಾಕಿ, ಮೊದಲ ದೂರಿನ ಪತ್ರ ಬಂದೊಡನೆ ಎಲ್ಲವನ್ನೂ ಅಳಿಸಿ ದೂರ ಸರಿದವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಟಾರ್‌ನ ಬೇರು ಇರುವುದು 1990ರ ದಶಕದ ನಡುಭಾಗದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ 'ಆನಿಯನ್ ರೂಟಿಂಗ್' ಎಂಬ ವಿಚಾರದಲ್ಲಿ. 2006ರಿಂದ ಟಾರ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆ ಅದರ ತಂತ್ರಾಂಶವನ್ನು ಬೆಳೆಸುತ್ತಿದೆ. ಆದರೆ ದಟ್ಟಣೆಯನ್ನು, ಅಂದರೆ ಬಳಕೆದಾರರ ಮಾಹಿತಿಯ ಹರಿವನ್ನು, ಹೊರುವ ಸರ್ವರ್‌ಗಳು ಆ ಸಂಸ್ಥೆಯವಲ್ಲ, ಬೇರೆ ಬೇರೆ ದೇಶಗಳಲ್ಲಿ ಸ್ವಯಂಸೇವಕರು ನಡೆಸುವ ಸಾವಿರಾರು ರಿಲೇಗಳು. ಬಳಕೆದಾರರು ಕಳುಹಿಸುವ ಮಾಹಿತಿ ಮೂರು ಪದರಗಳ ಗೂಢಲಿಪಿಯನ್ನು ಹೊದ್ದು ಮೂರು ರಿಲೇಗಳ ಮೂಲಕ ಹಾದುಹೋಗುತ್ತದೆ. ಪ್ರತಿಯೊಂದು ರಿಲೇಯೂ ತನ್ನ ಪಾಲಿನ ಒಂದು ಪದರವನ್ನು ಮಾತ್ರ ಬಿಡಿಸಬಲ್ಲದು. ಮೊದಲನೆಯದಾದ ಗಾರ್ಡ್‌ಗೆ ಬಳಕೆದಾರರ ಐಪಿ ವಿಳಾಸ ಗೊತ್ತಿರುತ್ತದೆ, ಅವರು ಹೊರಟಿರುವುದು ಎಲ್ಲಿಗೆಂಬುದು ಗೊತ್ತಿರುವುದಿಲ್ಲ. ನಡುವಿನದಕ್ಕೆ ತನ್ನ ಹಿಂದಿನ ಮತ್ತು ಮುಂದಿನ ರಿಲೇಗಳ ಹೊರತು ಬೇರೇನೂ ಕಾಣದು. ಕೊನೆಯದಾದ ಎಕ್ಸಿಟ್‌ಗೆ ತಲುಪಬೇಕಾದ ಜಾಲತಾಣ ಗೊತ್ತು, ಹೊರಟವರು ಯಾರೆಂಬುದು ಗೊತ್ತಿಲ್ಲ. ಆ ಜಾಲತಾಣದ ದಾಖಲೆಯಲ್ಲಿ ಉಳಿಯುವ ಐಪಿ ವಿಳಾಸ ಎಕ್ಸಿಟ್‌ನದು ಮಾತ್ರ. ಆದ್ದರಿಂದ ಯಾರಾದರೂ ಟಾರ್ ಮೂಲಕ ಬೆದರಿಕೆ ಪತ್ರ ಕಳುಹಿಸಿದರೆ ತನಿಖಾಧಿಕಾರಿಗೆ ಮೊದಲು ಸಿಗುವ ಹೆಸರು, ಆ ಪತ್ರವನ್ನು ಕಂಡೂ ಇರದ ಎಕ್ಸಿಟ್ ನಿರ್ವಾಹಕರದು.

ಇದು ಊಹೆಯ ಮಾತಲ್ಲ. ಮಾಸ್ಕೋದ ಗಣಿತ ಶಿಕ್ಷಕ ದ್ಮಿತ್ರಿ ಬೊಗತೋವ್ ತಮ್ಮ ಮನೆಯಿಂದಲೇ ಎಕ್ಸಿಟ್ ನಡೆಸುತ್ತಿದ್ದರು. ಅವರ ಐಪಿ ವಿಳಾಸದಿಂದ ಬಂದಂತೆ ಕಾಣುತ್ತಿದ್ದ ಪ್ರಚೋದಕ ಬರಹಗಳ ಕಾರಣಕ್ಕೆ 2017ರ ಏಪ್ರಿಲ್‌ನಲ್ಲಿ ಅವರ ಬಂಧನವಾಯಿತು. ತಿಂಗಳುಗಟ್ಟಲೆ ಸೆರೆ ಮತ್ತು ಗೃಹಬಂಧನ ಕಳೆದ ಮೇಲೆ 2018ರಲ್ಲಿ ಅವರ ಮೇಲಿನ ಆರೋಪವನ್ನು ಕೈಬಿಡಲಾಯಿತು. ನಿರಪರಾಧಿ ಎಂಬುದು ಕೊನೆಗೆ ಸಾಬೀತಾದರೂ ಕಳೆದುಹೋದ ಒಂದು ವರ್ಷ ಮರಳಿ ಬರುವುದಿಲ್ಲ. ಹಾಗಾಗಿ ಮನೆಯ ಸಂಪರ್ಕದಲ್ಲಿ ಎಕ್ಸಿಟ್ ನಡೆಸುವುದೆಂದರೆ ಹೋಗುವ ಮಾರಿಯನ್ನು ಮನೆಗೆ ಕರೆದಂತೆ. ಈ ಒಂದು ವಿಷಯದಲ್ಲಿ ನಾನು ಪೂರ್ತಿಯಾಗಿ ನಿಮ್ಮ ತಂದೆಯವರ ಪಕ್ಷ.

ಎಕ್ಸಿಟ್ ಅಲ್ಲದ ರಿಲೇಯ ಕಥೆ ಬೇರೆ. ಅದರಿಂದ ಹೊರಡುವ ದಟ್ಟಣೆಯೆಲ್ಲ ಗೂಢಲಿಪಿಯಲ್ಲಿಯೇ ಇನ್ನೊಂದು ರಿಲೇಗೆ ಹೋಗುತ್ತದೆ. ಯಾವ ಜಾಲತಾಣದ ದಾಖಲೆಯಲ್ಲೂ ನಿಮ್ಮ ವಿಳಾಸ ಮೂಡುವುದಿಲ್ಲ. ಹಾಗೆಂದು ದೂರು ಬರುವುದೇ ಇಲ್ಲವೆಂದು ಪ್ರಮಾಣ ಮಾಡಲಾರೆ. 2024ರ ಅಕ್ಟೋಬರ್ ಕೊನೆಯಲ್ಲಿ ಯಾರೋ ಟಾರ್ ರಿಲೇಗಳ ಐಪಿ ವಿಳಾಸಗಳನ್ನು ಕಳುಹಿಸಿದವರ ವಿಳಾಸವೆಂದು ನಕಲಿಯಾಗಿ ನಮೂದಿಸಿ, ಎಲ್ಲೆಲ್ಲಿಯೋ ಇರುವ ಯಂತ್ರಗಳ 22ನೆಯ ಪೋರ್ಟ್‌ಗೆ (ದೂರದಿಂದ ಲಾಗಿನ್ ಆಗಲು ಬಳಸುವ ದ್ವಾರಕ್ಕೆ) ಪ್ಯಾಕೆಟ್‌ಗಳನ್ನು ಎಸೆದರು. ಅವನ್ನು ಸ್ವೀಕರಿಸಿದ ಕಡೆಯ ಸ್ವಯಂಚಾಲಿತ ವ್ಯವಸ್ಥೆಗಳು ರಿಲೇಗಳೇ ದಾಳಿ ಮಾಡುತ್ತಿವೆಯೆಂದು ತಿಳಿದು, ಸರ್ವರ್ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿಗಳಿಗೆ ದೂರು ಕಳುಹಿಸಿದವು. ಕೆಲವು ರಿಲೇಗಳನ್ನು ಆ ಕಂಪನಿಗಳು ವಿಚಾರಿಸದೆಯೇ ನಿಲ್ಲಿಸಿದವು. ನವೆಂಬರ್ ಮೊದಲ ವಾರದಲ್ಲಿ ಮೂಲವನ್ನು ಪತ್ತೆಹಚ್ಚಿ ಅದನ್ನು ಬಂದ್ ಮಾಡಲಾಯಿತು. ನನ್ನ ರಿಲೇಗೂ ಆಗ ಎರಡು ದೂರುಗಳು ಬಂದಿದ್ದವು. ಎಕ್ಸಿಟ್ ಅಲ್ಲದ ರಿಲೇ ಇಂತಹ ಸಂಪರ್ಕವನ್ನು ಹುಟ್ಟಿಸಲು ಸಾಧ್ಯವೇ ಇಲ್ಲವೆಂಬ ವಿವರಣೆಯನ್ನು ನಾಲ್ಕು ಸಾಲುಗಳಲ್ಲಿ ಬರೆದು ಅಂದೇ ಕಳುಹಿಸಿದ್ದರಿಂದ ಸರ್ವರ್ ಉಳಿಯಿತು. ಮೌನವಾಗಿದ್ದರೆ ಉಳಿಯುತ್ತಿರಲಿಲ್ಲ.

ಹಾಗಾದರೆ ಎಕ್ಸಿಟ್ ಅಲ್ಲದ ರಿಲೇಯನ್ನು ಮನೆಯ ಲ್ಯಾಪ್‌ಟಾಪ್‌ನಲ್ಲಿ ನಡೆಸಬಹುದಲ್ಲವೇ ಎಂದು ನೀವು ಕೇಳಬಹುದು. ತಾತ್ವಿಕವಾಗಿ ಹೌದು, ನಮ್ಮ ಊರುಗಳಲ್ಲಿ ವಾಸ್ತವವಾಗಿ ಕಷ್ಟ. ಮೊದಲನೆಯದಾಗಿ, ರಿಲೇಗೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಐಪಿವಿ4 ವಿಳಾಸ ಬೇಕು. ನಮ್ಮಲ್ಲಿ ಬಹಳಷ್ಟು ಮನೆ ಸಂಪರ್ಕಗಳು ಸಿಜಿನ್ಯಾಟ್‌ನ ಹಿಂದಿರುತ್ತವೆ, ಅಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ. ಹೆಚ್ಚುವರಿ ಹಣ ಕೊಟ್ಟು ಸ್ಥಿರ ವಿಳಾಸ ಪಡೆದಿರೆಂದುಕೊಳ್ಳಿ. ಆಗ ಲೆಕ್ಕ ಎದುರಾಗುತ್ತದೆ. ರಿಲೇಗೆ ಎರಡೂ ದಿಕ್ಕಿನಲ್ಲಿ ಕನಿಷ್ಠ 10, ಸಾಧ್ಯವಾದರೆ 16 ಎಂಬಿಪಿಎಸ್ ಕೊಡಬೇಕೆಂಬುದು ಟಾರ್ ಪ್ರಾಜೆಕ್ಟ್‌ನ ಸಲಹೆ. 16 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2 ಮೆಗಾಬೈಟ್. ದಿನವಿಡೀ ತುಂಬಿ ಹರಿದರೆ ಒಳಬರುವುದು ಸುಮಾರು 173 ಜಿಬಿ, ಹೊರಹೋಗುವುದು ಅಷ್ಟೇ, ಒಟ್ಟು ದಿನಕ್ಕೆ 346 ಜಿಬಿಯಷ್ಟು. 'ಅನ್‌ಲಿಮಿಟೆಡ್' ಎಂದು ಮಾರುವ ಎಷ್ಟೋ ಮನೆ ಯೋಜನೆಗಳ ಒಳಪುಟದಲ್ಲಿ ತಿಂಗಳಿಗೆ 3,300 ಜಿಬಿಯ ಎಫ್‌ಯುಪಿ ಮಿತಿ ಇರುತ್ತದೆ, ಅದನ್ನು ದಾಟಿದರೆ ವೇಗ ಕುಗ್ಗುತ್ತದೆ. ಅದು ಹತ್ತನೆಯ ದಿನಕ್ಕೇ ಮುಗಿದು, ಉಳಿದ ಇಪ್ಪತ್ತು ದಿನ ನಿಮ್ಮ ತಾಯಿಯವರ ವಿಡಿಯೋ ಕರೆಯೂ ತಡವರಿಸುತ್ತದೆ. ಇದರ ಮೇಲೆ, ಗಾರ್ಡ್ ಅಥವಾ ನಡುವಿನ ರಿಲೇ ಏಕಕಾಲಕ್ಕೆ 7,000 ಸಂಪರ್ಕಗಳನ್ನಾದರೂ ತಾಳಿಕೊಳ್ಳಬೇಕು. ಸಂಪರ್ಕದ ಜೊತೆ ಉಚಿತವಾಗಿ ಬರುವ ರೌಟರ್‌ಗಳು ಅದಕ್ಕಿಂತ ಬಹಳ ಮೊದಲೇ ಕೈಚೆಲ್ಲುತ್ತವೆ.

ಕಡಿಮೆ ಜನ ಎಣಿಸುವ ತೊಡಕು ಇನ್ನೊಂದಿದೆ. ಟಾರ್‌ನ ಎಲ್ಲ ರಿಲೇಗಳ ಪಟ್ಟಿ ಸಾರ್ವಜನಿಕ. ಅದು ಗಂಟೆಗೊಮ್ಮೆ ಹೊಸದಾಗಿ ಪ್ರಕಟವಾಗುತ್ತದೆ. ಎಕ್ಸಿಟ್ ಯಾವುದು, ನಡುವಿನದು ಯಾವುದು ಎಂದು ನೋಡುವ ತಾಳ್ಮೆ ಇಲ್ಲದ ಕೆಲವು ಭದ್ರತಾ ವ್ಯವಸ್ಥೆಗಳು ಇಡೀ ಪಟ್ಟಿಯನ್ನೇ ನಿರ್ಬಂಧಿಸುತ್ತವೆ. ರಿಲೇಯೂ ಮನೆಮಂದಿಯೂ ಒಂದೇ ವಿಳಾಸದಲ್ಲಿದ್ದರೆ, ಒಂದು ಬೆಳಿಗ್ಗೆ ನಿಮ್ಮ ತಂದೆಯವರಿಗೆ ಬ್ಯಾಂಕಿನ ಜಾಲತಾಣ ತೆರೆಯದೇ ಹೋಗಬಹುದು. ಪೊಲೀಸರಿಗಿಂತ ಇದು ಸಂಭವಿಸುವ ಸಾಧ್ಯತೆ ಬಹಳ ಹೆಚ್ಚು.

ಹಾಗೆಂದು ಹಳೆಯ ಲ್ಯಾಪ್‌ಟಾಪ್ ವ್ಯರ್ಥವಲ್ಲ. ಅದರಲ್ಲಿ ಸ್ನೋಫ್ಲೇಕ್ ಪ್ರಾಕ್ಸಿ ನಡೆಸಿ. ಟಾರ್ ಅನ್ನೇ ತಡೆಹಿಡಿದಿರುವ ದೇಶಗಳಲ್ಲಿ ಸಾರ್ವಜನಿಕ ಪಟ್ಟಿಯಲ್ಲಿರುವ ರಿಲೇಗಳನ್ನು ಮುಟ್ಟುವುದೇ ಅಸಾಧ್ಯ. ಅಲ್ಲಿನವರಿಗೆ ಬೇಕಾದದ್ದು ಪಟ್ಟಿಯಲ್ಲಿಲ್ಲದ, ಹೇಗೂ ಬದಲಾಗುತ್ತಲೇ ಇರುವ ವಿಳಾಸಗಳು. ಸ್ನೋಫ್ಲೇಕ್ ಮಾಡುವುದು ಅದನ್ನೇ: ವಿಡಿಯೋ ಕರೆಗಳಿಗೆ ಬಳಸುವ ವೆಬ್‌ಆರ್‌ಟಿಸಿ ತಂತ್ರದ ಮೂಲಕ ಆ ಬಳಕೆದಾರರ ದಟ್ಟಣೆ ನಿಮ್ಮ ಮನೆಗೆ ಬಂದು, ಅಲ್ಲಿಂದ ಟಾರ್‌ನ ಬ್ರಿಡ್ಜ್‌ಗೆ (ಸಾರ್ವಜನಿಕ ಪಟ್ಟಿಯಲ್ಲಿಲ್ಲದ ಪ್ರವೇಶದ ಸರ್ವರ್‌ಗೆ) ಹೋಗಿ, ಬಳಿಕ ಜಾಲದೊಳಗೆ ಸೇರುತ್ತದೆ. ಜಾಲತಾಣಗಳಿಗೆ ನಿಮ್ಮ ವಿಳಾಸ ಕಾಣುವುದಿಲ್ಲ. ಸಿಜಿನ್ಯಾಟ್‌ನ ಹಿಂದಿದ್ದರೂ ಇದು ನಡೆಯುತ್ತದೆ. ಆದರೆ ನ್ಯಾಟ್ ಬಹಳ ಬಿಗಿಯಾಗಿದ್ದರೆ ನೀವು ನೆರವಾಗಬಲ್ಲವರ ಸಂಖ್ಯೆ ಕಡಿಮೆಯಾಗುತ್ತದೆ, ಅಷ್ಟೇ. ವಿದ್ಯುತ್ ಹೋಗಿ ಎರಡು ಗಂಟೆ ನಿಂತರೂ ಯಾರಿಗೂ ದೊಡ್ಡ ಹಾನಿಯಿಲ್ಲ, ಬಳಕೆದಾರರು ಬೇರೊಂದು ಪ್ರಾಕ್ಸಿಗೆ ಜಿಗಿಯುತ್ತಾರೆ. ರಷ್ಯಾ 2021ರ ಡಿಸೆಂಬರ್‌ನಲ್ಲಿ ಟಾರ್ ಅನ್ನು ತಡೆಯತೊಡಗಿದಾಗಲೂ, 2022ರ ಸೆಪ್ಟೆಂಬರ್‌ನಲ್ಲಿ ಇರಾನಿನಲ್ಲಿ ಪ್ರತಿಭಟನೆಗಳು ಎದ್ದು ಅಂತರ್ಜಾಲ ಬಿಗಿಯಾದಾಗಲೂ ಸ್ನೋಫ್ಲೇಕ್ ಬಳಕೆ ಏಕಾಏಕಿ ಏರಿತು. ಆಗ ಹೊರೆ ಹೊತ್ತವರಲ್ಲಿ ಹೀಗೆ ಮನೆಗಳಲ್ಲಿ ಪ್ರಾಕ್ಸಿ ನಡೆಸುವವರೂ, ಬ್ರೌಸರ್‌ನಲ್ಲಿ ಒಂದು ಎಕ್ಸ್‌ಟೆನ್ಷನ್ ಹಾಕಿಕೊಂಡವರೂ ಇದ್ದರು.

ನಿಮ್ಮ ಸಾವಿರ ರೂಪಾಯಿಯನ್ನು ಬಾಡಿಗೆಯ ವಿಪಿಎಸ್ (ಡೇಟಾ ಸೆಂಟರ್‌ನಲ್ಲಿರುವ ವರ್ಚುವಲ್ ಸರ್ವರ್) ಮೇಲೆ ಹಾಕಿ, ಅಲ್ಲಿ ಎಕ್ಸಿಟ್ ಅಲ್ಲದ ರಿಲೇ ನಡೆಸಿ. 1 ಜಿಬಿ ಮೆಮೊರಿ, ಸಾಧಾರಣ ಪ್ರೊಸೆಸರ್ ಸಾಕು. ಸ್ಥಳದ ಆಯ್ಕೆಯಲ್ಲಿ ಮಾತ್ರ ಅಗ್ಗಕ್ಕೆ ಮನಸೋಲಬೇಡಿ. ಟಾರ್‌ನ ಸಾಮರ್ಥ್ಯದ ದೊಡ್ಡ ಪಾಲು ಜರ್ಮನಿ, ನೆದರ್‌ಲ್ಯಾಂಡ್ಸ್, ಅಮೆರಿಕದಂತಹ ಕೆಲವೇ ದೇಶಗಳಲ್ಲಿ, ಅದರಲ್ಲೂ ಬೆರಳೆಣಿಕೆಯ ಕಂಪನಿಗಳ ಜಾಲಗಳಲ್ಲಿ ಗುಂಪುಗೂಡಿದೆ. ಮೊದಲ ರಿಲೇ ಮತ್ತು ಕೊನೆಯ ರಿಲೇ ಒಂದೇ ಕಂಪನಿಯ ಡೇಟಾ ಸೆಂಟರ್‌ಗಳಲ್ಲಿದ್ದರೆ ಆ ಕಂಪನಿಗೆ, ಅಥವಾ ಅದರ ಮೇಲೆ ಅಧಿಕಾರವಿರುವವರಿಗೆ, ಎರಡೂ ತುದಿಗಳ ದಟ್ಟಣೆಯ ಸಮಯವನ್ನು ತಾಳೆ ನೋಡುವುದು ಸುಲಭವಾಗುತ್ತದೆ. ಆದ್ದರಿಂದ ಜನಪ್ರಿಯವಲ್ಲದ ದೇಶದಲ್ಲಿರುವ ಸಣ್ಣ ಕಂಪನಿಯ ನಿಧಾನದ ರಿಲೇ, ಈಗಾಗಲೇ ನೂರಾರು ರಿಲೇಗಳಿರುವ ಕಡೆಯ ಇನ್ನೊಂದು ವೇಗದ ರಿಲೇಗಿಂತ ಜಾಲಕ್ಕೆ ಹೆಚ್ಚು ಬೆಲೆಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಡಿಗೆಗೆ ಹಿಡಿಯುವ ಮುನ್ನ, ಟಾರ್ ರಿಲೇ ನಡೆಸುತ್ತೇನೆ, ಅದು ಎಕ್ಸಿಟ್ ಅಲ್ಲ, ನಿಮ್ಮ ಅಭ್ಯಂತರವಿದೆಯೇ ಎಂದು ಕಂಪನಿಗೆ ಬರೆದು ಉತ್ತರವನ್ನು ಕಾದಿಟ್ಟುಕೊಳ್ಳಿ. ಮುಂದೆ ದೂರು ಬಂದಾಗ ಆ ಒಂದು ಇಮೇಲ್ ಬಹಳ ಕೆಲಸಕ್ಕೆ ಬರುತ್ತದೆ.

ಭಾರತದೊಳಗೇ ಸರ್ವರ್ ಇಡುವುದಾದರೆ ಎರಡು ಕಾನೂನು ಸಂಗತಿಗಳು ನಿಮಗೆ ತಿಳಿದಿರಬೇಕು. ನಾನು ವಕೀಲನಲ್ಲವಾದ್ದರಿಂದ ಇವನ್ನು ಕಾನೂನು ಸಲಹೆಯೆಂದು ತೆಗೆದುಕೊಳ್ಳಬೇಡಿ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಡೇಟಾ ಸೆಂಟರ್, ವಿಪಿಎಸ್, ಕ್ಲೌಡ್ ಮತ್ತು ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಐಪಿ, ಬಳಕೆಯ ಉದ್ದೇಶ ಮುಂತಾದ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಇದರಿಂದ ನೀವು ಬೆಚ್ಚಬೇಕಿಲ್ಲ. ಟಾರ್ ಅನಾಮಿಕತೆ ಕೊಡುವುದು ಬಳಕೆದಾರರಿಗೆ. ರಿಲೇ ನಡೆಸುವವರು ಬಹಿರಂಗವಾಗಿರುವುದೇ ಎಲ್ಲರಿಗೂ ಕ್ಷೇಮ, ಸಂಪರ್ಕದ ಇಮೇಲ್ ಅನ್ನು ಟಾರ್‌ನ ಸಂರಚನೆಯಲ್ಲಿಯೇ (ಸೆಟ್ಟಿಂಗ್ಸ್ ಕಡತದಲ್ಲಿ) ಬರೆಯಬೇಕೆಂದು ಕೇಳುವುದೂ ಅದಕ್ಕೇ. ಎರಡನೆಯದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಂ: ತಾನಾಗಿ ಸಂದೇಶವನ್ನು ಆರಂಭಿಸದ, ಸ್ವೀಕರಿಸುವವರನ್ನು ಆರಿಸದ, ಒಳಗಿನ ವಿಷಯವನ್ನು ತಿದ್ದದ ಮಧ್ಯವರ್ತಿಗೆ ಅದು ಷರತ್ತುಗಳೊಂದಿಗೆ ರಕ್ಷಣೆ ಕೊಡುತ್ತದೆ. ರಿಲೇ ಮಾಡುವ ಕೆಲಸ ಈ ವರ್ಣನೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು ನ್ಯಾಯಾಲಯದಲ್ಲಿ ನಿಂತು ವಾದಿಸಬಹುದಾದ ರಕ್ಷಣೆ. ಬಾಗಿಲಿಗೆ ಬಂದವರು ಅದನ್ನು ಕೇಳಿ ಹಿಂದಿರುಗುತ್ತಾರೆಂದು ನಂಬಿ ಎಕ್ಸಿಟ್‌ಗೆ ಕೈಹಾಕಬೇಡಿ.

ಸ್ಥಾಪನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನೀವು ಅದೇ ವೃತ್ತಿಯವರು. ಡೆಬಿಯನ್ ಹಾಕಿ, ಟಾರ್ ಪ್ರಾಜೆಕ್ಟ್‌ನ ಸ್ವಂತ ರೆಪಾಸಿಟರಿಯಿಂದ ಟಾರ್ ಪಡೆಯಿರಿ, 'ಎಕ್ಸಿಟ್‌ರಿಲೇ 0' ಮತ್ತು 'ಸಾಕ್ಸ್‌ಪೋರ್ಟ್ 0' ಎಂಬ ಎರಡು ಸಾಲುಗಳನ್ನು ಮರೆಯಬೇಡಿ, ಸ್ವಯಂಚಾಲಿತ ಭದ್ರತಾ ಅಪ್‌ಡೇಟ್ ಚಾಲೂ ಮಾಡಿ. ಅನುಭವಿಗಳೂ ಎಡವುವುದು ಬ್ಯಾಂಡ್‌ವಿಡ್ತ್ ಲೆಕ್ಕದಲ್ಲಿ. ಸಂರಚನೆಯಲ್ಲಿ ಎಂಬಿಟ್ಸ್ ಮತ್ತು ಎಂಬೈಟ್ಸ್ ಎರಡನ್ನೂ ಬರೆಯಬಹುದು. ಒಂದರ ಬದಲು ಇನ್ನೊಂದು ಬಿದ್ದರೆ ಎಂಟು ಪಟ್ಟು ವ್ಯತ್ಯಾಸ. ಇನ್ನು ತಿಂಗಳ ಮಿತಿ ಹಾಕುವ 'ಅಕೌಂಟಿಂಗ್‌ಮ್ಯಾಕ್ಸ್' ಒಳಬಂದದ್ದು ಮತ್ತು ಹೊರಹೋದದ್ದು ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮಾತ್ರ ಎಣಿಸುತ್ತದೆ, ನಾವು ಬದಲಿಸದ ಹೊರತು. ನಿಮ್ಮ ಕಂಪನಿ ಎರಡನ್ನೂ ಕೂಡಿಸಿ 2 ಟಿಬಿ ಕೊಟ್ಟಿದ್ದರೆ ಅಲ್ಲಿ ಬರೆಯಬೇಕಾದದ್ದು 2 ಅಲ್ಲ, 1 ಟಿಬಿಗಿಂತ ತುಸು ಕಡಿಮೆ. ಈ ಪಾಠವನ್ನು ನಾನು ಕಲಿತದ್ದು ಒಂದು ಡಿಸೆಂಬರ್‌ನ ಬಿಲ್ ನೋಡಿದಾಗ.

ಮಿತಿ ಮುಟ್ಟಿದೊಡನೆ ರಿಲೇ ಮುಂದಿನ ತಿಂಗಳವರೆಗೆ ನಿದ್ರೆಗೆ ಜಾರುತ್ತದೆ. ಅದರ ಬದಲು ವೇಗವನ್ನೇ ತೀರಾ ಕುಗ್ಗಿಸಿ ತಿಂಗಳಿಡೀ ಎಳೆಯುವುದು ವಾಸಿಯೆಂದು ಅನ್ನಿಸುವುದು ಸಹಜ. ಟಾರ್‌ನ ಕೈಪಿಡಿ ಹೇಳುವುದು ತದ್ವಿರುದ್ಧ: ಸದಾ ಲಭ್ಯವಿರುವ ಆಮೆವೇಗದ ರಿಲೇಗಳಿಗಿಂತ, ಕೆಲವು ದಿನವಷ್ಟೇ ಇರುವ ವೇಗದ ರಿಲೇಗಳು ಬಳಕೆದಾರರಿಗೆ ಹೆಚ್ಚು ಉಪಯುಕ್ತ. ಆದರೆ ಗಾರ್ಡ್ ಆಗಬೇಕಾದರೆ ಸ್ಥಿರತೆ ಬೇಕು, ಅದು ಪದೇ ಪದೇ ಮಲಗುವ ರಿಲೇಗೆ ಒಲಿಯುವುದಿಲ್ಲ. ಹೀಗಾಗಿ ದತ್ತಾಂಶ ಮಿತಿ ಧಾರಾಳವಾಗಿರುವ ವಿಪಿಎಸ್ ಹುಡುಕಿ, ನಿದ್ರೆಯ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದೇ ನನಗೆ ಸರಿಯೆನಿಸುವ ದಾರಿ.

ಈಗ ತಾಳ್ಮೆಯ ವಿಷಯ. ರಿಲೇ ಚಾಲೂ ಆದ ಮೊದಲ ಮೂರು ದಿನ ಅದರಲ್ಲಿ ದಟ್ಟಣೆ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಜಾಲಕ್ಕೆ ನಿಮ್ಮ ಸಾಮರ್ಥ್ಯದ ಮೇಲೆ ಇನ್ನೂ ನಂಬಿಕೆಯಿಲ್ಲ. ಸುಮಾರು ಎಂಟನೆಯ ದಿನದವರೆಗೆ ಹೊರಗಿನ ಮಾಪಕ ಯಂತ್ರಗಳು ನಿಮ್ಮ ವೇಗವನ್ನು ಅಳೆಯುತ್ತವೆ, ಅಳತೆಗೆ ತಕ್ಕಂತೆ ದಟ್ಟಣೆ ಏರುತ್ತದೆ. ಬಳಿಕ ಗಾರ್ಡ್ ಪಟ್ಟ ಸಿಗುತ್ತದೆ, ಮತ್ತು ಆಗಲೇ ದಟ್ಟಣೆ ಇಳಿಯುತ್ತದೆ! ಬಡ್ತಿ ಸಿಕ್ಕ ದಿನವೇ ಸಂಬಳ ಕಡಿತವಾದಂತೆ ತೋರುವ ಈ ಘಟ್ಟದಲ್ಲಿ ಏನೋ ಕೆಟ್ಟಿದೆಯೆಂದು ತಿಳಿದು ಮರುಸ್ಥಾಪನೆ ಮಾಡುವವರೇ ಹೆಚ್ಚು. ಕಾರಣ ಸರಳ: ಗಾರ್ಡ್ ಆದ ರಿಲೇಯನ್ನು ನಡುವಿನ ಸ್ಥಾನಕ್ಕೆ ಕಡಿಮೆ ಆರಿಸಲಾಗುತ್ತದೆ, ಆದರೆ ಬಳಕೆದಾರರು ತಮ್ಮ ಗಾರ್ಡ್ ಅನ್ನು ತಿಂಗಳುಗಟ್ಟಲೆ ಬದಲಿಸುವುದಿಲ್ಲವಾದ್ದರಿಂದ ಹೊಸ ಗಾರ್ಡ್‌ನ ಬಳಿ ಜನ ಸೇರುವುದು ನಿಧಾನ. 68ನೆಯ ದಿನದ ಆಸುಪಾಸಿನವರೆಗೆ ಈ ಏರಿಕೆ ನಡೆದೇ ಇರುತ್ತದೆ.

ಅಂದರೆ ರಿಲೇಯ ಬೆಲೆ ಅದರ ವಯಸ್ಸಿನಲ್ಲಿದೆ, ಮತ್ತು ಆ ವಯಸ್ಸು ಯಂತ್ರಕ್ಕೆ ಸೇರಿದ್ದಲ್ಲ, ಟಾರ್‌ನ ದತ್ತಾಂಶ ಫೋಲ್ಡರ್‌ನೊಳಗಿರುವ 'ಕೀಸ್' ಎಂಬ ಪುಟ್ಟ ಫೋಲ್ಡರ್‌ಗೆ ಸೇರಿದ್ದು. ಅದರಲ್ಲಿರುವ ಗುರುತಿನ ಕೀಲಿಗಳನ್ನು ನಕಲು ಮಾಡಿ ಬೇರೆಡೆ ಭದ್ರವಾಗಿಟ್ಟರೆ, ಯಂತ್ರ ಸತ್ತರೂ ರಿಲೇ ಇನ್ನೊಂದು ಯಂತ್ರದಲ್ಲಿ ಅದೇ ಗುರುತಿನಿಂದ ಎದ್ದು ಕೂರುತ್ತದೆ. ಎರಡು ವರ್ಷ ಸಾಕಿದ ನನ್ನ ರಿಲೇಯೊಂದನ್ನು ಅಗ್ಗದ ಯೋಜನೆಗೆ ಸ್ಥಳಾಂತರಿಸುವ ಅವಸರದಲ್ಲಿ ಈ ಫೋಲ್ಡರ್ ನಕಲು ಮಾಡದೆ ಹಳೆಯ ಯಂತ್ರವನ್ನು ಅಳಿಸಿಬಿಟ್ಟೆ. ಹೊಸದು ಹಸುಗೂಸಾಗಿ ಮೊದಲ ದಿನದಿಂದ ಆರಂಭಿಸಿತು. ಆ ನಕಲನ್ನು ಗೂಢಲಿಪಿಯಿಲ್ಲದೆ ಕ್ಲೌಡ್ ಡ್ರೈವ್‌ನಲ್ಲಿ ಎಸೆಯಬೇಡಿ. ಕೀಲಿ ಕದ್ದವರು ನಿಮ್ಮ ರಿಲೇಯ ಸೋಗು ಹಾಕಬಲ್ಲರು.

ನಮ್ಮ ಕಡೆ ಬೇಸಿಗೆಯಲ್ಲಿ ಅರವಟ್ಟಿಗೆ ಇಡುವವರನ್ನು ನೋಡಿದ್ದೀರಲ್ಲ, ಉದ್ಘಾಟನೆಯ ದಿನ ಫೋಟೋ ಹಿಡಿಸಿಕೊಂಡು ಹದಿನೈದನೆಯ ದಿನ ಮಡಕೆ ಒಣಗಿಸುವವರೂ ಅವರಲ್ಲಿ ಇರುತ್ತಾರೆ. ರಿಲೇಗಳಲ್ಲೂ ಅಂಥವು ಬಹಳ. ಬೆಂಬಲ ಮುಗಿದ ಹಳೆಯ ಆವೃತ್ತಿಗಳನ್ನು ನಡೆಸುವ ರಿಲೇಗಳನ್ನು ಜಾಲದ ಮೇಲ್ವಿಚಾರಣೆಯ ಡೈರೆಕ್ಟರಿ ಅಥಾರಿಟಿಗಳು ತಿರಸ್ಕರಿಸುತ್ತವೆ. 2019ರಲ್ಲಿ ಹೀಗೆ ನೂರಾರು ರಿಲೇಗಳು ಒಮ್ಮೆಲೇ ಹೊರಬಿದ್ದವು. ತಿಂಗಳಿಗೊಮ್ಮೆ ಒಂದು ಗಂಟೆ ಮೀಸಲಿಡಿ: ಆವೃತ್ತಿ ನೋಡಿ, ಲಾಗ್‌ನಲ್ಲಿರುವ ಎಚ್ಚರಿಕೆಗಳನ್ನು ಓದಿ, ಸಂಪರ್ಕದ ಇಮೇಲ್ ಇನ್ನೂ ಜೀವಂತವಾಗಿದೆಯೇ ಎಂದು ಪರೀಕ್ಷಿಸಿ. ನಿಕ್ಸ್ ಎಂಬ ಸಾಧನ ಟರ್ಮಿನಲ್‌ನಲ್ಲಿಯೇ ದಟ್ಟಣೆಯ ನಕ್ಷೆ ತೋರಿಸುತ್ತದೆ. ಕುತೂಹಲಕ್ಕೆಂದು ಲಾಗ್ ಮಟ್ಟವನ್ನು ಏರಿಸುವುದು, ಹಾದುಹೋಗುವ ಪ್ಯಾಕೆಟ್‌ಗಳನ್ನು ಹಿಡಿದಿಡುವುದು ಮಾತ್ರ ಸಲ್ಲದು. ಗೂಢಲಿಪಿಯಲ್ಲಿರುವ ವಿಷಯ ನಿಮಗೆ ಓದಲು ಬರುವುದಿಲ್ಲ ನಿಜ, ಆದರೆ ಯಾವ ವಿಳಾಸ ಯಾವ ಕ್ಷಣದಲ್ಲಿ ಬಂದಿತೆಂಬ ದಾಖಲೆಯೇ ಅಪಾಯದಲ್ಲಿರುವ ಯಾರದೋ ಕುತ್ತಿಗೆಗೆ ಬರಬಹುದು. ಇಟ್ಟುಕೊಳ್ಳದ ದಾಖಲೆಯನ್ನು ಯಾರೂ ನಿಮ್ಮಿಂದ ಕಸಿಯಲಾರರು.

ಮುಂದೆ ಎರಡನೆಯ ರಿಲೇ ಹಾಕಿದರೆ ಎರಡೂ ನಿಮ್ಮವೇ ಎಂದು 'ಮೈಫ್ಯಾಮಿಲಿ' ಸಾಲಿನಲ್ಲಿ ಘೋಷಿಸಲೇಬೇಕು. ಒಬ್ಬರದೇ ಎರಡು ರಿಲೇಗಳು ಒಂದೇ ಹಾದಿಯಲ್ಲಿ ಬಾರದಂತೆ ಟಾರ್ ನೋಡಿಕೊಳ್ಳುವುದು ಈ ಘೋಷಣೆಯನ್ನು ನಂಬಿ. ಕೆಎಎಕ್ಸ್17 ಎಂಬ ಹೆಸರಿನಿಂದ ಗುರುತಿಸಲಾದ, ನೂರಾರು ರಿಲೇಗಳನ್ನು ಸಂಬಂಧ ಮುಚ್ಚಿಟ್ಟು ನಡೆಸುತ್ತಿದ್ದ ಅಜ್ಞಾತ ಕೂಟವನ್ನು 2021ರಲ್ಲಿ ಜಾಲದಿಂದ ಹೊರಹಾಕಿದ ಮೇಲೆ, ಘೋಷಿಸದ ಬಳಗವನ್ನು ಕಂಡರೆ ಎಲ್ಲರಿಗೂ ಅನುಮಾನ.

ಎಕ್ಸಿಟ್‌ಗಳಿಲ್ಲದೆ ಜಾಲ ನಡೆಯದು, ಅದನ್ನೂ ಯಾರಾದರೂ ಮಾಡಲೇಬೇಕಲ್ಲ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಎದ್ದಿರಬಹುದು. ಅದನ್ನು ಸಂಸ್ಥೆಗಳು ಮಾಡಲಿ ಎಂಬುದು ನನ್ನ ನಿಲುವು. ಅಮೆರಿಕದಲ್ಲಿ ಎಮರಾಲ್ಡ್ ಆನಿಯನ್‌ನಂತಹ ನೋಂದಾಯಿತ ಲಾಭರಹಿತ ಸಂಸ್ಥೆಗಳು ತಮ್ಮದೇ ಐಪಿ ವಿಳಾಸ, ಕಾನೂನು ನೆರವು ಇಟ್ಟುಕೊಂಡು ಎಕ್ಸಿಟ್ ನಡೆಸುತ್ತವೆ. ನ್ಯೂ ಹ್ಯಾಂಪ್‌ಶೈರ್‌ನ ಲೆಬನಾನ್ ಎಂಬ ಪುಟ್ಟ ಊರಿನ ಕಿಲ್ಟನ್ ಗ್ರಂಥಾಲಯ 2015ರಲ್ಲಿ ರಿಲೇ ಹಾಕಿದಾಗ, ಅದು ಎಕ್ಸಿಟ್ ಕೂಡ ಆಗಿರಲಿಲ್ಲ, ಆದರೂ ಗೃಹಭದ್ರತಾ ಇಲಾಖೆಯ ಎಚ್ಚರಿಕೆಯ ಮೇರೆಗೆ ಸ್ಥಳೀಯ ಪೊಲೀಸರು ಬಂದು ಮಾತನಾಡಿದರು, ಗ್ರಂಥಾಲಯ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಬಳಿಕ ಊರಿನವರು ಸಭೆಗೆ ಬಂದು ಬೆಂಬಲಿಸಿದ್ದರಿಂದ ಅದೇ ಸೆಪ್ಟೆಂಬರ್‌ನಲ್ಲಿ ಮತ್ತೆ ಚಾಲೂ ಆಯಿತು. ಒಬ್ಬಂಟಿ ವ್ಯಕ್ತಿಗೆ ಅಂತಹ ಸಭೆಯ ಬಲ ಇರುವುದಿಲ್ಲ.

ಹಾಗಾಗಿ ಈ ವಾರ ಲ್ಯಾಪ್‌ಟಾಪ್‌ನಲ್ಲಿ ಸ್ನೋಫ್ಲೇಕ್ ಆರಂಭಿಸಿ. ತಿಂಗಳೊಪ್ಪತ್ತು ಅದನ್ನು ನೋಡಿಕೊಳ್ಳುವ ರೂಢಿ ಬಂದ ಮೇಲೆ ವಿಪಿಎಸ್ ಹಿಡಿಯಿರಿ. ರಿಲೇ ಚಾಲೂ ಆಗಿ ಕೆಲವು ಗಂಟೆಗಳಲ್ಲಿ ಟಾರ್ ಮೆಟ್ರಿಕ್ಸ್‌ನ 'ರಿಲೇ ಸರ್ಚ್' ಪುಟದಲ್ಲಿ ನೀವಿಟ್ಟ ಹೆಸರು ಹುಡುಕಿದರೆ ಅದರ ವಿಳಾಸ, ದೇಶ, ವಯಸ್ಸು, ಪಡೆದ ಪಟ್ಟಗಳು ಕಾಣಿಸುತ್ತವೆ. ಆ ಪುಟವನ್ನು ನಿಮ್ಮ ತಂದೆಯವರಿಗೆ ತೋರಿಸಿ. ವಿಳಾಸದ ಜಾಗದಲ್ಲಿ ಮನೆಯ ಐಪಿ ವಿಳಾಸವಿಲ್ಲ, ಪಟ್ಟಗಳ ಸಾಲಿನಲ್ಲಿ 'ಎಕ್ಸಿಟ್' ಎಂಬ ಪದವಿಲ್ಲ ಎಂಬುದನ್ನು ಅವರೇ ಕಣ್ಣಾರೆ ನೋಡಲಿ.